ಸೈಟು ಮಾರುವವರಿಗೊಂದು ವೆಬ್‌ಸೈಟು

ಕನ್ನಡದಲ್ಲಿ ‘ಸೈಟು’ ಅಂದ ಕೂಡಲೇ ನೆನಪಾಗುವುದು ಮೂವತ್ತು-ನಲವತ್ತು. ಇಂಟರ್‌ನೆಟ್ಟಿನ ಸೈಟು ಆಮೇಲೆ. ಬಡಾವಣೆ ಮಾಡುವವರೊಬ್ಬರ ಕಚೇರಿಯಲ್ಲಿ ಕೂತು ‘ನಿಮ್ಮ ಸೈಟು ಸರಿಯಿಲ್ಲ’ ಅಂತ ಹೇಳಿ ನಾನೊಮ್ಮೆ ಚೆನ್ನಾಗಿ ಬೈಸಿಕೊಂಡಿದ್ದೇನೆ. ಪಕ್ಕದಲ್ಲೇ ಗಿರಾಕಿ ಕೂತಿದ್ದರು! ಅದಕ್ಕೇ ಈ ಬರಹದಲ್ಲಿ ಸೈಟು ಅಂದರೆ ನೆಲ, ವೆಬ್‌ಸೈಟು ಅಂದರೆ ವೆಬ್‌ಸೈಟು.

ದೊಡ್ಡ ಬಿಲ್ಡರ್‌ಗಳಿಗೆ ಇದರ ಅಗತ್ಯವಿಲ್ಲ, ಅವರ ಬಳಿ ಏಜೆನ್ಸಿಗಳಿವೆ. ಎರಡು ಮೂರು ಎಕರೆಯಲ್ಲಿ ಬಡಾವಣೆ ಮಾಡಿ ಮಾರುವವರು, ಊರಿನ ಏಜೆಂಟರು, ಅವರಿಗೆ ವೆಬ್‌ಸೈಟು ಮಾಡಿಕೊಡುವ ಹುಡುಗರು ಇವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ.

ಶುರು ಮಾಡುವ ಮೊದಲು, ನಿಮ್ಮ ವೆಬ್‌ಸೈಟನ್ನು ಕೊನೆಗೆ ನೋಡುವವರು ಯಾರು ಅಂತ ಯೋಚಿಸಿ. ಜಾಹೀರಾತು ಒತ್ತುವವನು ಮೂವತ್ತರ ಹುಡುಗ. ಬೆಂಗಳೂರಿನಲ್ಲಿ ಕೆಲಸ, ಊರ ಹತ್ತಿರ ಒಂದು ಸೈಟು ಮಾಡಿಡೋಣ ಅನ್ನುವ ಆಸೆ. ಫೋಟೋ ನೋಡುತ್ತಾನೆ, ಇಷ್ಟವಾಗುತ್ತದೆ, ಲಿಂಕನ್ನು ಮನೆಯವರ ವಾಟ್ಸಾಪ್ ಗುಂಪಿಗೆ ಹಾಕುತ್ತಾನೆ. ಆ ಗುಂಪಿನಲ್ಲಿ ಒಬ್ಬ ಸೋದರಮಾವ ಇದ್ದೇ ಇರುತ್ತಾರೆ. ತಾಲ್ಲೂಕು ಕಚೇರಿಯಲ್ಲೋ ಬ್ಯಾಂಕಿನಲ್ಲೋ ಇದ್ದು ನಿವೃತ್ತರಾದವರು. ಅವರು ಫೋಟೋ ನೋಡುವುದಿಲ್ಲ. ‘ಸರ್ವೆ ನಂಬರ್ ಎಷ್ಟು? ಕನ್ವರ್ಷನ್ ಆಗಿದೆಯಾ? ಖಾತೆ ಯಾರ ಹೆಸರಲ್ಲಿದೆ?’ ಮೂರು ಪ್ರಶ್ನೆ. ಉತ್ತರ ಪುಟದಲ್ಲಿ ಸಿಗದಿದ್ದರೆ ‘ನೋಡೋಣ ಇರು’ ಅಂತ ಬರೆಯುತ್ತಾರೆ, ಮಾತು ಅಲ್ಲಿಗೆ ನಿಲ್ಲುತ್ತದೆ. ಹುಡುಗನಿಗೆ ಇಷ್ಟವಾಗುವಂಥ ವೆಬ್‌ಸೈಟು ಮಾಡುವುದು ಸುಲಭ. ಮಾವ ಒಪ್ಪುವಂಥದ್ದು ಮಾಡಬೇಕು.

1. ಬಣ್ಣ ಆರಿಸುವ ಮೊದಲು ಕಡತ ಬಿಚ್ಚಿ

ಸರ್ವೆ ನಂಬರುಗಳ ಪಟ್ಟಿ, ಭೂ ಪರಿವರ್ತನೆ (ಕೃಷಿ ಭೂಮಿಯನ್ನು ಬೇರೆ ಬಳಕೆಗೆ ಬದಲಿಸುವ ಕನ್ವರ್ಷನ್) ಆದೇಶದ ಸಂಖ್ಯೆ ಮತ್ತು ದಿನಾಂಕ, ಯೋಜನಾ ಪ್ರಾಧಿಕಾರ ಅನುಮೋದಿಸಿದ ನಕ್ಷೆ, ರೇರಾ (ರಿಯಲ್ ಎಸ್ಟೇಟ್ ಕಾಯ್ದೆ) ನೋಂದಣಿ ಪತ್ರ, ಇತ್ತೀಚಿನ ಇಸಿ (ಋಣಭಾರ ಪತ್ರ), ಖಾತೆ. ಇವಿಷ್ಟೂ ಮೇಜಿನ ಮೇಲೆ ಬರಲಿ. ಪಂಚಾಯಿತಿ ವ್ಯಾಪ್ತಿಯಾದರೆ ಇ-ಸ್ವತ್ತಿನ ನಮೂನೆ 9 ಮತ್ತು 11ಎ, ಪಟ್ಟಣವಾದರೆ ಇ-ಖಾತೆ. ಒಂದು ಹಾಳೆಯಲ್ಲಿ ಇವನ್ನೆಲ್ಲ ಬರೆದು ಪ್ರತಿಯೊಂದರ ಮುಂದೆ ‘ಇದೆ’, ‘ಅರ್ಜಿ ಹಾಕಿದೆ’, ‘ಇಲ್ಲ’ ಈ ಮೂರರಲ್ಲಿ ಒಂದನ್ನು ಬರೆಯಿರಿ. ವೆಬ್‌ಸೈಟಿನ ಅರ್ಧ ಕೆಲಸ ಅಲ್ಲಿಗೆ ಮುಗಿಯಿತು.

ಮಧ್ಯದ ‘ಅರ್ಜಿ ಹಾಕಿದೆ’ಯಲ್ಲೇ ಎಡವಟ್ಟಾಗುವುದು. ಅರ್ಜಿ ಹಾಕಿದ್ದನ್ನು ‘ಆಗಿದೆ’ ಅಂತ ಬರೆಸುವವರು ತುಂಬ ಇದ್ದಾರೆ. ‘ಇನ್ನು ಹದಿನೈದು ದಿನದಲ್ಲಿ ಬರುತ್ತೆ, ಹಾಕ್ರಿ’ ಅನ್ನುತ್ತಾರೆ. ಹಾಕಬೇಡಿ. ಬಂದ ದಿನ ಹಾಕಿ, ಐದು ನಿಮಿಷದ ಕೆಲಸ.

2. ರೇರಾ: ಪುಟದ ಮೂಲೆಯಲ್ಲಿ ಅಡಗಿಸುವ ವಿಷಯವಲ್ಲ

2016ರ ರಿಯಲ್ ಎಸ್ಟೇಟ್ ಕಾಯ್ದೆ ಬಂದ ಮೇಲೆ ನಿಮ್ಮ ವೆಬ್‌ಸೈಟು ಬರೀ ಪರಿಚಯದ ಪುಟವಲ್ಲ, ಕಾನೂನಿನ ಕಣ್ಣಲ್ಲಿ ಅದೂ ಜಾಹೀರಾತೇ. ಅಭಿವೃದ್ಧಿಪಡಿಸುವ ಜಾಗ 500 ಚದರ ಮೀಟರ್ ದಾಟಿದರೆ, ಇಲ್ಲವೇ ಎಂಟಕ್ಕಿಂತ ಹೆಚ್ಚು ಫ್ಲಾಟುಗಳಿದ್ದರೆ ನೋಂದಣಿ ಬೇಕು. 500 ಚದರ ಮೀಟರ್ ಕೇಳಲು ದೊಡ್ಡದೆನಿಸುತ್ತದೆ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಗುಂಟೆಗೆ 1,089 ಚದರಡಿ, ಐದು ಗುಂಟೆಗೆ 5,445 ಚದರಡಿ, ಅಂದರೆ ಸುಮಾರು 506 ಚದರ ಮೀಟರ್. ಐದು ಗುಂಟೆಗೇ ಗೆರೆ ದಾಟಿಹೋಯಿತು. ‘ನಮ್ಮದು ಚಿಕ್ಕ ಲೇಔಟ್ ಸಾರ್, ರೇರಾ ಬರಲ್ಲ’ ಅನ್ನುವವರಿಗೆ ಈ ಲೆಕ್ಕ ತೋರಿಸಿ.

ನೋಂದಣಿ ಆಗುವವರೆಗೆ ಜಾಹೀರಾತು ಕೊಡುವುದಕ್ಕಾಗಲಿ, ಬುಕ್ಕಿಂಗ್ ತೆಗೆದುಕೊಳ್ಳುವುದಕ್ಕಾಗಲಿ ಅವಕಾಶವಿಲ್ಲ. ‘ಪ್ರೀ-ಲಾಂಚ್ ಆಫರ್’ ಅಂತ ಮಿನುಗುವ ಪುಟಗಳು ಕಾಣುತ್ತವಲ್ಲ, ನೋಂದಣಿ ಇಲ್ಲದಿದ್ದರೆ ಆ ಪುಟವೇ ಉಲ್ಲಂಘನೆಯ ಸಾಕ್ಷಿ. ದಂಡ ಯೋಜನಾ ವೆಚ್ಚದ ಶೇ. 10ರವರೆಗೆ ಹೋಗಬಹುದು. ನೋಂದಣಿ ಆದ ಮೇಲೆ ಜಾಹೀರಾತಿನಲ್ಲಿ ನೋಂದಣಿ ಸಂಖ್ಯೆ, ರೇರಾ ಪ್ರಾಧಿಕಾರದ ವೆಬ್‌ಸೈಟ್ ವಿಳಾಸ ಎರಡೂ ಎದ್ದು ಕಾಣಬೇಕು. ಇದನ್ನು ಪುಟದ ತಳದಲ್ಲಿ ಬೂದು ಬಣ್ಣದ ಸಣ್ಣ ಅಕ್ಷರದಲ್ಲಿ ಹಾಕುವ ಚಾಳಿ ಡಿಸೈನರ್‌ಗಳಿಗಿದೆ, ‘ಲುಕ್ ಹಾಳಾಗುತ್ತೆ’ ಅಂತ. ಮಾವ ಮೊದಲು ಹುಡುಕುವುದೇ ಅದನ್ನು. ಬಡಾವಣೆಯ ಹೆಸರಿನ ಕೆಳಗೇ ಹಾಕಿ. ‘ಪಿಆರ್‌ಎಂ/ಕೆಎ/ರೇರಾ’ ಅಂತ ಶುರುವಾಗುವ ಆ ಉದ್ದ ಸಂಖ್ಯೆಯನ್ನು ಚಿತ್ರವಾಗಿ ಅಂಟಿಸದೆ ಅಕ್ಷರವಾಗಿ ಟೈಪ್ ಮಾಡಿ, ಬೆರಳಿಟ್ಟು ಕಾಪಿ ಮಾಡಿಕೊಳ್ಳುವಂತಿರಲಿ. ಏಜೆಂಟರಿಗೂ ಪ್ರತ್ಯೇಕ ನೋಂದಣಿ ಇದೆ. ನೀವು ಏಜೆಂಟರಾದರೆ ನಿಮ್ಮ ಸಂಖ್ಯೆಯೂ ಇರಲಿ.

ಸುಳ್ಳು ಜಾಹೀರಾತನ್ನು ನಂಬಿ ಹಣ ಕೊಟ್ಟು ನಷ್ಟವಾದರೆ ಪರಿಹಾರ ಕೇಳುವ ಹಕ್ಕು 12ನೇ ಕಲಂನಲ್ಲಿದೆ. ಬೇಡವೆಂದರೆ ಕೊಟ್ಟ ಹಣವನ್ನು ಬಡ್ಡಿ ಸಮೇತ ವಾಪಸ್ ಪಡೆಯಬಹುದು. ಹಾಗಾಗಿ ‘ಈಜುಕೊಳ, ಕ್ಲಬ್‌ಹೌಸ್, 24 ಗಂಟೆ ನೀರು’ ಅಂತ ಬರೆಯುವ ಮೊದಲು ಅನುಮೋದಿತ ನಕ್ಷೆಯಲ್ಲಿ ಏನಿದೆ ಅಂತ ನೋಡಿ. ಇನ್ನೊಬ್ಬರ ವೆಬ್‌ಸೈಟಿನಿಂದ ಪಟ್ಟಿ ನಕಲು ಮಾಡಿದ ಡೆವಲಪರ್ ಒಬ್ಬರ ಎರಡೂವರೆ ಎಕರೆ ಬಡಾವಣೆಯಲ್ಲಿ ‘ಹೆಲಿಪ್ಯಾಡ್’ ಇದ್ದದ್ದನ್ನು ನಾನೇ ತೆಗೆಸಿದ್ದೇನೆ.

3. ಡೊಮೈನ್ ನಿಮ್ಮ ಹೆಸರಲ್ಲಿರಲಿ

ಸೈಟಿಗೆ ಖಾತೆ ಹೇಗೋ ವೆಬ್‌ಸೈಟಿಗೆ ಡೊಮೈನ್ (ಅದರ ವಿಳಾಸದ ಹೆಸರು) ಹಾಗೆ. ಅದು ನಿಮ್ಮ ಇಮೇಲಿನಲ್ಲಿ, ನಿಮ್ಮ ಫೋನ್ ನಂಬರಿನಲ್ಲಿ, ನಿಮ್ಮ ಕಾರ್ಡಿನಿಂದ ಕೊಂಡದ್ದಾಗಿರಬೇಕು. ವೆಬ್‌ಸೈಟು ಮಾಡಿಕೊಟ್ಟ ಹುಡುಗ ತನ್ನ ಹೆಸರಲ್ಲೇ ತೆಗೆದು, ಎರಡು ವರ್ಷದ ನಂತರ ದುಬೈಗೆ ಹೋಗಿ ಫೋನ್ ಎತ್ತದಿದ್ದರೆ ಹೊಸ ಹೆಸರು ಹುಡುಕಿ ಎಲ್ಲ ಫ್ಲೆಕ್ಸುಗಳನ್ನೂ ಮತ್ತೆ ಅಚ್ಚು ಹಾಕಿಸಬೇಕಾಗುತ್ತದೆ. ಭೂಮಿಯ ವಿಷಯದಲ್ಲಿ ಇಷ್ಟು ಹುಷಾರಾಗಿರುವ ಜನ ಇಲ್ಲಿ ಮಾತ್ರ ಯಾಕೆ ಕಣ್ಣು ಮುಚ್ಚುತ್ತಾರೋ ತಿಳಿಯದು.

ಹೆಸರು ಚಿಕ್ಕದಿರಲಿ, ಫೋನಿನಲ್ಲಿ ಹೇಳಿದರೆ ಬರೆದುಕೊಳ್ಳುವಂತಿರಲಿ. ಪ್ರತಿ ಬಡಾವಣೆಗೂ ಹೊಸ ಡೊಮೈನ್ ಬೇಡ. ಒಂದೇ ವೆಬ್‌ಸೈಟಿನಲ್ಲಿ ಬಡಾವಣೆಗೊಂದು ಪುಟ ಮಾಡಿದರೆ ಹಳೆಯ ಬಡಾವಣೆಯ ಒಳ್ಳೆಯ ಹೆಸರು ಹೊಸದಕ್ಕೂ ಬರುತ್ತದೆ.

4. ಮುಖಪುಟದಲ್ಲಿ ಐದು ಸಂಗತಿ

ಫೋನಿನ ಪರದೆಯನ್ನು ಬೆರಳಿನಿಂದ ತಳ್ಳುವ ಮೊದಲೇ ಕಾಣಬೇಕಾದವು: ಯಾವ ಊರ ಹತ್ತಿರ, ಯಾವ ಅಳತೆ, ಎಷ್ಟು ಬೆಲೆಯಿಂದ, ಯಾರ ಅನುಮೋದನೆ, ಯಾರಿಗೆ ಫೋನ್ ಮಾಡಬೇಕು. ‘ನಿಮ್ಮ ಕನಸಿನ ಮನೆಗೆ ಸ್ವಾಗತ’ ಅನ್ನುವ ಸಾಲು, ಹಿಂದೆ ಯಾವುದೋ ದೇಶದ ಬಿಳಿ ಬೇಲಿ, ಹುಲ್ಲುಹಾಸಿನ ಮೇಲೆ ನಗುವ ಕುಟುಂಬ. ಇದು ತುಮಕೂರಿನಲ್ಲೂ ಇದೆ, ಹಾಸನದಲ್ಲೂ ಇದೆ, ಎಲ್ಲ ಕಡೆ ಅದೇ ಕುಟುಂಬ. ಹೊಳೆಯುತ್ತಾ ಜಾರುವ ಐದಾರು ಚಿತ್ರಗಳ ಸ್ಲೈಡರ್ ಕೂಡ ಬೇಡ. ಎರಡನೆಯ ಚಿತ್ರ ಬರುವವರೆಗೆ ಯಾರೂ ಕಾಯುವುದಿಲ್ಲ.

ಬೆಲೆಯ ಬಗ್ಗೆ ನನ್ನ ಅಭಿಪ್ರಾಯ ಗಟ್ಟಿಯಾಗಿದೆ: ಹಾಕಿ. ‘ಬೆಲೆಗಾಗಿ ಕರೆ ಮಾಡಿ’ ಅಂದರೆ ಜನ ಕರೆ ಮಾಡುತ್ತಾರೆ ನಿಜ, ಆದರೆ ಹತ್ತರಲ್ಲಿ ಎಂಟು ಮಂದಿ ದರ ಕೇಳಿ ಫೋನ್ ಇಡುವವರು, ನಿಮ್ಮ ಹುಡುಗರ ದಿನವೆಲ್ಲ ಅದರಲ್ಲೇ ಹೋಗುತ್ತದೆ. ಚದರಡಿಗೆ 1,800 ರೂಪಾಯಿ ಅಂತಿದ್ದರೆ ಪಕ್ಕದಲ್ಲೇ 30-40ಕ್ಕೆ 21,60,000 ಅಂತ ಬರೆಯಿರಿ, ಲೆಕ್ಕ ಅವರಿಗೆ ಬಿಡಬೇಡಿ. ಮೂಲೆ ಸೈಟಿಗೆ ಹೆಚ್ಚಾದರೆ ಎಷ್ಟು ಹೆಚ್ಚು ಅನ್ನುವುದೂ ಇರಲಿ. ಚೌಕಾಸಿ ಹೇಗೂ ನಡೆಯುತ್ತದೆ, ಅದು ಗೊತ್ತಿದ್ದೇ ಎಲ್ಲರೂ ಬರುತ್ತಾರೆ.

ನೋಂದಣಿ ಖರ್ಚಿನ ಲೆಕ್ಕ ತೋರಿಸುವ ಕ್ಯಾಲ್ಕುಲೇಟರ್ ಹಾಕುವುದಾದರೆ ಎಚ್ಚರ. 2025ರ ಆಗಸ್ಟ್ ಕೊನೆಯಲ್ಲಿ ರಾಜ್ಯದಲ್ಲಿ ನೋಂದಣಿ ಶುಲ್ಕ ಶೇ. 1ರಿಂದ 2ಕ್ಕೆ ಏರಿತು. ಹಳೆಯ ಕ್ಯಾಲ್ಕುಲೇಟರ್ ಹಾಗೇ ಬಿಟ್ಟವರ ಪುಟದಲ್ಲಿ 30 ಲಕ್ಷದ ಆಸ್ತಿಗೆ 30,000 ರೂಪಾಯಿ ಕಮ್ಮಿ ತೋರುತ್ತದೆ. ನೋಂದಣಿಯ ದಿನ ಸಬ್‌ರಿಜಿಸ್ಟ್ರಾರ್ ಕಚೇರಿಯ ಮುಂದೆ ಜಗಳಕ್ಕೆ ಅಷ್ಟು ಸಾಕು.

5. ಬಡಾವಣೆಯ ಪುಟ: ಇಲ್ಲೇ ಹೆಚ್ಚು ಹೊತ್ತು ಕೂರಿ

ಉಳಿದ ಪುಟಗಳು ಇಲ್ಲದಿದ್ದರೂ ನಡೆಯುತ್ತದೆ. ಈ ಪುಟದ ನಡುವೆ ಇರಬೇಕಾದ್ದು ನಕ್ಷೆ. ಪಿಡಿಎಫ್ ಕೊಟ್ಟು ‘ಡೌನ್‌ಲೋಡ್ ಮಾಡಿ’ ಅನ್ನುವ ನಕ್ಷೆಯಲ್ಲ, ಬೆರಳಿಟ್ಟರೆ ಉತ್ತರಿಸುವ ನಕ್ಷೆ. ಸೈಟು 47ನ್ನು ಮುಟ್ಟಿದರೆ ಅಳತೆ, ಒಟ್ಟು ಚದರಡಿ, ದಿಕ್ಕು, ಮುಂದಿನ ರಸ್ತೆಯ ಅಗಲ, ಬೆಲೆ, ಖಾಲಿ ಇದೆಯೋ ಇಲ್ಲವೋ ಎಲ್ಲ ಬರಬೇಕು. ಇದನ್ನು ಎಸ್‌ವಿಜಿ ಚಿತ್ರವಾಗಿ ಮಾಡಿಸಿ. ಪ್ರತಿ ಸೈಟೂ ಒಂದು ಪ್ರತ್ಯೇಕ ಆಕಾರವಾಗಿರುತ್ತದೆ, ಎಷ್ಟು ಹಿಗ್ಗಿಸಿದರೂ ಗೆರೆ ಮಸುಕಾಗುವುದಿಲ್ಲ. ಮಾಹಿತಿಯನ್ನು ಒಂದು ಗೂಗಲ್ ಶೀಟಿಗೆ ಜೋಡಿಸಿದರೆ ಕಚೇರಿಯ ಹುಡುಗಿ ಶೀಟಿನಲ್ಲಿ ‘ಮಾರಾಟ’ ಅಂತ ಬರೆದ ಕೂಡಲೇ ನಕ್ಷೆಯಲ್ಲೂ ಬಣ್ಣ ಬದಲಾಗುತ್ತದೆ.

ಬಣ್ಣ ಮೂರೇ ಇರಲಿ: ಖಾಲಿ, ಮುಂಗಡ ಬಂದಿದೆ, ಮಾರಾಟವಾಗಿದೆ. ಜೊತೆಗೆ ಯೋಜನಾ ಪ್ರಾಧಿಕಾರದಿಂದ ಇನ್ನೂ ಬಿಡುಗಡೆಯಾಗದ ಸೈಟುಗಳಿಗೆ ಅಡ್ಡಗೆರೆಯ ಗುರುತು. ರಸ್ತೆ, ಚರಂಡಿ, ಕರೆಂಟು ಮುಗಿದಂತೆ ಪ್ರಾಧಿಕಾರ ಹಂತ ಹಂತವಾಗಿ ಸೈಟು ಬಿಡುಗಡೆ ಮಾಡುವುದು ವ್ಯಾಪಾರದವರಿಗೆ ಗೊತ್ತು, ಕೊಳ್ಳುವ ಹುಡುಗನಿಗೆ ಗೊತ್ತಿರುವುದಿಲ್ಲ, ಮಾವನಿಗೆ ಚೆನ್ನಾಗಿ ಗೊತ್ತು. ‘ರಿಲೀಸ್ ಆಗಿದೆಯಾ?’ ಅಂತ ಅವರು ಕೇಳುವ ಮೊದಲೇ ನಕ್ಷೆ ಹೇಳಿಬಿಟ್ಟರೆ ನಿಮ್ಮ ಮೇಲಿನ ನಂಬಿಕೆ ತಟ್ಟನೆ ಮೇಲೇರುತ್ತದೆ.

ದಿಕ್ಕಿನ ವಿಷಯ. ನಮ್ಮಲ್ಲಿ ಬೆಲೆ ಕೇಳುವ ಮೊದಲು ‘ಯಾವ ಫೇಸಿಂಗ್?’ ಅಂತ ಕೇಳುವವರು ಅರ್ಧದಷ್ಟಿದ್ದಾರೆ. ನಿಮಗೆ ವಾಸ್ತುವಿನಲ್ಲಿ ನಂಬಿಕೆ ಇರಲಿ ಬಿಡಲಿ, ‘ಪೂರ್ವ’, ‘ಉತ್ತರ’ ಅಂತ ಆರಿಸಿಕೊಳ್ಳುವ ಗುಂಡಿ ಹಾಕಿ. ಪೂರ್ವದ ಸೈಟು ಅಂದರೆ ಪೂರ್ವಕ್ಕೆ ರಸ್ತೆ ಇರುವ ಸೈಟು ಅಂತ ಒಂದು ಸಾಲು ಬರೆಯಿರಿ, ತಿರುಗಿಸಿ ಅರ್ಥ ಮಾಡಿಕೊಳ್ಳುವವರು ಬೇಕಾದಷ್ಟಿದ್ದಾರೆ. ನಕ್ಷೆಯ ಮೂಲೆಯಲ್ಲಿ ಉತ್ತರದ ಬಾಣ ಕಡ್ಡಾಯ. ಪರದೆಗೆ ಹೊಂದಲಿ ಅಂತ ಡಿಸೈನರ್ ನಕ್ಷೆಯನ್ನೇ ತಿರುಗಿಸಿ, ಬಾಣವನ್ನು ಮಾತ್ರ ಹಾಗೇ ಬಿಟ್ಟ ಪುಟವೊಂದನ್ನು ನೋಡಿದ್ದೇನೆ. ಅಲ್ಲಿ ಉತ್ತರದ ಸೈಟುಗಳೆಲ್ಲ ಪಶ್ಚಿಮಕ್ಕೆ ಹೋಗಿದ್ದವು.

ಮೂವತ್ತು-ನಲವತ್ತು ಅಲ್ಲದ ಓರೆಕೋರೆ ಸೈಟುಗಳಿಗೆ ನಾಲ್ಕೂ ಬದಿಯ ಅಳತೆ ಬೇರೆ ಬೇರೆ ಬರೆಯಬೇಕು. ‘ಸುಮಾರು 1,350 ಚದರಡಿ’ ಅಂತ ಬರೆದರೆ ಆ ‘ಸುಮಾರು’ ಏನು ಅಂತ ಮಾವ ಟೇಪು ಹಿಡಿದು ಬರುತ್ತಾರೆ.

ಹಣ ಕಟ್ಟುವ ಬಟನ್ ಬೇಕೇ? ಸೈಟನ್ನು ಚಪ್ಪಲಿಯ ಹಾಗೆ ಕಾರ್ಟಿಗೆ ಹಾಕಿ ಕೊಳ್ಳುವವರು ನನಗೆ ಸಿಕ್ಕಿಲ್ಲ. ಹಾಕಲೇಬೇಕೆಂದರೆ ಸಣ್ಣ ಟೋಕನ್ ಮೊತ್ತಕ್ಕೆ ನಿಲ್ಲಿಸಿ, ಅದನ್ನು ಹಿಂತಿರುಗಿಸುವ ನಿಯಮ ಪಕ್ಕದಲ್ಲೇ ಬರೆಯಿರಿ. ಮಾರಾಟ ಕರಾರು ನೋಂದಾಯಿಸದೆ ಬೆಲೆಯ ಶೇ. 10ಕ್ಕಿಂತ ಹೆಚ್ಚು ಮುಂಗಡ ತೆಗೆದುಕೊಳ್ಳುವಂತಿಲ್ಲ ಅನ್ನುವುದು ರೇರಾ ಕಾಯ್ದೆಯ 13ನೇ ಕಲಂ.

6. ದಾಖಲೆಗಳ ಪುಟ

ಮಾವ ಹೆಚ್ಚು ಹೊತ್ತು ಕಳೆಯುವುದು ಇಲ್ಲಿ. ಪರಿವರ್ತನೆ ಆದೇಶ, ಅನುಮೋದಿತ ನಕ್ಷೆ, ರೇರಾ ಪತ್ರ ಮೂರನ್ನೂ ಸ್ಕ್ಯಾನ್ ಮಾಡಿ ಹಾಕಿ. ಫೋನಿನಲ್ಲಿ ಹೊಡೆದ ಓರೆ ಫೋಟೋ ಬೇಡ. ಮೇಲೆ ತೆಳುವಾಗಿ ‘ಮಾಹಿತಿಗಾಗಿ ಮಾತ್ರ’ ಅಂತ ನಿಮ್ಮ ಸಂಸ್ಥೆಯ ಹೆಸರಿನ ಗುರುತು ಇರಲಿ, ಇಲ್ಲದಿದ್ದರೆ ನಿಮ್ಮ ಕಾಗದ ತೋರಿಸಿ ಇನ್ಯಾರೋ ಸೈಟು ಮಾರುತ್ತಾರೆ.

ಎಲ್ಲವನ್ನೂ ಹಾಕುವುದೂ ತಪ್ಪೇ. ಕ್ರಯಪತ್ರದಲ್ಲಿ ಹಳೆಯ ಮಾಲೀಕರ ವಿಳಾಸ, ಫೋಟೋ, ಹೆಬ್ಬೆಟ್ಟು, ಗುರುತಿನ ಚೀಟಿಯ ಸಂಖ್ಯೆ ಎಲ್ಲ ಇರುತ್ತದೆ. ಅದನ್ನು ಊರಿಗೆಲ್ಲ ಹಂಚುವುದು ಅವರಿಗೆ ಮಾಡುವ ಅನ್ಯಾಯ. ಅಂಥವಕ್ಕೆ ‘ಕಚೇರಿಯಲ್ಲಿ ನೋಡಬಹುದು, ವಕೀಲರಿಗೆ ಪ್ರತಿ ಕೊಡುತ್ತೇವೆ’ ಅಂತ ಬರೆದರೆ ಸಾಕು.

ನೀವು ಹಾಕಿದ ಕಾಗದವನ್ನು ನಂಬಿ ಅನ್ನುವುದಕ್ಕಿಂತ ಅವರೇ ಪರೀಕ್ಷಿಸಲು ದಾರಿ ತೋರಿಸುವುದು ಮೇಲು. ರೇರಾ ಸಂಖ್ಯೆಯ ಪಕ್ಕ ಪ್ರಾಧಿಕಾರದ ಹುಡುಕು ಪುಟದ ಕೊಂಡಿ, ಸರ್ವೆ ನಂಬರಿನ ಪಕ್ಕ ಪಹಣಿಗಾಗಿ ಸರ್ಕಾರದ ‘ಭೂಮಿ’ ತಾಣದ ಕೊಂಡಿ, ಇಸಿಗೆ ‘ಕಾವೇರಿ’ ತಾಣದ ಕೊಂಡಿ. ‘ದಿಶಾಂಕ್’ ಆ್ಯಪ್ ಹಾಕಿಕೊಂಡು ಜಾಗದಲ್ಲಿ ನಿಂತರೆ ಯಾವ ಸರ್ವೆ ನಂಬರಿನಲ್ಲಿ ನಿಂತಿದ್ದೇವೆ ಅಂತ ಕಾಣುತ್ತದೆ, ಅದನ್ನೂ ಬರೆಯಿರಿ. ‘ನೀವೇ ನೋಡಿಕೊಳ್ಳಿ’ ಅನ್ನುವ ಧೈರ್ಯ ಕಾಣುವ ವೆಬ್‌ಸೈಟುಗಳು ಕಮ್ಮಿ.

ಫಾರ್ಮ್ ಪ್ಲಾಟು ಮಾರುವವರು ಇನ್ನೊಂದು ಸಾಲು ಸೇರಿಸಬೇಕು. ರಾಜ್ಯದಲ್ಲಿ 2020ರ ತಿದ್ದುಪಡಿಯ ನಂತರ ಕೃಷಿಕರಲ್ಲದವರೂ ಕೃಷಿ ಭೂಮಿ ಕೊಳ್ಳಬಹುದು, ಆದರೆ ವಿದೇಶಿ ವಿನಿಮಯ ನಿಯಮಗಳ ಪ್ರಕಾರ ಅನಿವಾಸಿ ಭಾರತೀಯರು ಕೃಷಿ ಭೂಮಿ, ತೋಟ, ಫಾರ್ಮ್‌ಹೌಸ್ ಕೊಳ್ಳುವಂತಿಲ್ಲ. ಅಮೆರಿಕದಲ್ಲಿರುವ ಕನ್ನಡಿಗರಿಗೆಂದೇ ‘ಕಾಫಿ ತೋಟದ ಪ್ಲಾಟು’ ಜಾಹೀರಾತು ಕೊಡುವವರು ಇದನ್ನು ಬರೆಯುವುದನ್ನು ನಾನು ಕಂಡಿಲ್ಲ.

7. ಫೋಟೋ ಮತ್ತು ದೂರ

ಬೆಳಿಗ್ಗೆ ಎಂಟರೊಳಗೆ ಅಥವಾ ಸಂಜೆ ಐದರ ನಂತರ ತೆಗೆಯಿರಿ. ಪ್ರತಿ ಫೋಟೋದ ಕೆಳಗೆ ತಿಂಗಳು, ವರ್ಷ ಬರೆಯಿರಿ. ರಸ್ತೆಯ ಅಂಚು, ಚರಂಡಿ, ಟ್ರಾನ್ಸ್‌ಫಾರ್ಮರ್, ಕಲ್ಲು ನೆಟ್ಟ ಗಡಿ: ಜನ ನೋಡಬೇಕೆನ್ನುವುದು ಇವನ್ನು. ಮಳೆಗಾಲದಲ್ಲಿ ಜೋರು ಮಳೆಯ ಮಾರನೇ ದಿನ ಒಂದು ನಿಮಿಷದ ವಿಡಿಯೋ ಮಾಡಿ ಹಾಕಿದರೆ ಹತ್ತು ಡ್ರೋನ್ ಚಿತ್ರಕ್ಕೆ ಸಮ. ನೀರು ನಿಲ್ಲದಿದ್ದರೆ, ಅನ್ನಿ. ಕಂಪ್ಯೂಟರಿನಲ್ಲಿ ಬಿಡಿಸಿದ ಚಿತ್ರವಾದರೆ ಅದರ ಮೇಲೇ ‘ಕಲ್ಪಿತ ಚಿತ್ರ’ ಅಂತ ಇರಬೇಕು.

‘ರಿಂಗ್ ರೋಡಿಗೆ ಹತ್ತೇ ನಿಮಿಷ’ ಅನ್ನುವ ಸಾಲನ್ನು ಯಾರೂ ನಂಬುವುದಿಲ್ಲ. ಕಿಲೋಮೀಟರ್ ಬರೆಯಿರಿ. ನಿಮಿಷ ಬರೆಯುವುದಾದರೆ ಯಾವ ಹೊತ್ತಿನಲ್ಲಿ ಅಂತಲೂ ಬರೆಯಿರಿ. ಗೂಗಲ್ ಮ್ಯಾಪಿನ ಪಿನ್ ಬಡಾವಣೆಯ ಗೇಟಿನ ಮೇಲಿರಲಿ, ನಿಮ್ಮ ಕಚೇರಿಯ ಮೇಲಲ್ಲ.

8. ಕನ್ನಡ

ಇಂಗ್ಲಿಷಿನಲ್ಲಿ ಮಾಡಿ ‘ಕನ್ನಡ’ ಅನ್ನುವ ಗುಂಡಿ ಹಾಕಿ ಯಂತ್ರಾನುವಾದಕ್ಕೆ ಬಿಟ್ಟರೆ ಏನಾಗುತ್ತದೆ? ಪ್ಲಾಟು ‘ಕಥಾವಸ್ತು’ ಆಗುತ್ತದೆ. ‘ಉತ್ತಮ ಕಥಾವಸ್ತುಗಳು ಮಾರಾಟಕ್ಕಿವೆ’ ಅಂತ ಓದಿ ಒಬ್ಬ ಕಾದಂಬರಿಕಾರ ಗೆಳೆಯ ದರ ಕೇಳಿದ್ದ. ಕನ್ನಡವನ್ನು ಕನ್ನಡದಲ್ಲೇ ಬರೆಸಿ. ತಲೆಬರಹಕ್ಕೆ ‘ನಿವೇಶನ’, ಮಾತಿಗೆ ‘ಸೈಟು’ ಎರಡೂ ಇರಲಿ, ಜನ ಎರಡನ್ನೂ ಹುಡುಕುತ್ತಾರೆ.

ಡಿಟಿಪಿ ಅಂಗಡಿಯ ಬ್ರೋಷರಿನಲ್ಲಿರುವ ಕನ್ನಡ ಹಳೆಯ ನುಡಿ ಫಾಂಟಿನದಾದರೆ ಅದನ್ನು ಹಾಗೇ ವೆಬ್‌ಸೈಟಿಗೆ ಅಂಟಿಸಲಾಗದು, ಅರ್ಥವಿಲ್ಲದ ಚಿಹ್ನೆಗಳು ಬರುತ್ತವೆ. ಮೊದಲು ಯೂನಿಕೋಡಿಗೆ ಪರಿವರ್ತಿಸಿ, ಆಮೇಲೆ ಒಮ್ಮೆ ಕೂತು ಓದಿ. ಅರ್ಕಾವತ್ತು, ಒತ್ತಕ್ಷರ ಎಡವಿರುತ್ತವೆ. ನೋಟೋ ಸಾನ್ಸ್ ಕನ್ನಡದಂಥ ಉಚಿತ ಫಾಂಟು ಸಾಕು. ಸಾಲುಗಳ ನಡುವಿನ ಅಂತರವನ್ನು ಇಂಗ್ಲಿಷಿಗೆ ಕೊಟ್ಟಷ್ಟೇ ಕೊಟ್ಟರೆ ಒತ್ತಕ್ಷರದ ಬಾಲ ಕತ್ತರಿಸಿಹೋಗುತ್ತದೆ; ‘ಲಕ್ಷ್ಮೀ ಬಡಾವಣೆ’ಯ ಹೆಸರೇ ಅರ್ಧ ಕಾಣುತ್ತದೆ. ಅಕ್ಷರದ ಗಾತ್ರದ 1.6 ಪಟ್ಟಾದರೂ ಇಡಿ.

9. ಸಂಪರ್ಕ, ವೇಗ

ಪುಟ ತೆರೆದ ಮೂರನೇ ಸೆಕೆಂಡಿಗೆ ಹಾರಿಬಂದು ‘ನಿಮ್ಮ ಹೆಸರು, ಫೋನ್, ಇಮೇಲ್, ಬಜೆಟ್’ ಕೇಳುವ ಪೆಟ್ಟಿಗೆಯನ್ನು ಕಿತ್ತುಹಾಕಿ. ಮನೆಗೆ ಬಂದವರನ್ನು ಕೂರಿಸುವ ಮೊದಲು ಸಂಬಳ ಕೇಳಿದ ಹಾಗೆ. ಪರದೆಯ ಕೆಳಗೆ ಎರಡು ಗುಂಡಿ ಸದಾ ಇರಲಿ: ಕರೆ, ವಾಟ್ಸಾಪ್. ವಾಟ್ಸಾಪ್ ಕೊಂಡಿಯಲ್ಲೇ ‘ಸೈಟು 47ರ ಬಗ್ಗೆ ತಿಳಿಯಬೇಕಿತ್ತು’ ಅನ್ನುವ ಸಾಲನ್ನು ಮೊದಲೇ ತುಂಬಿಡಬಹುದು, ಯಾವ ಪುಟದಿಂದ ಬಂದರು ಅಂತ ನಿಮಗೂ ತಿಳಿಯುತ್ತದೆ. ಫಾರ್ಮ್ ಬೇಕೇಬೇಕೆಂದರೆ ಹೆಸರು, ನಂಬರ್ ಎರಡೇ ಸಾಕು. ಬಂದ ನಂಬರುಗಳನ್ನು ಲೋನ್ ಏಜೆಂಟರಿಗೆ ಹಂಚುವ ಅಭ್ಯಾಸ ಬಿಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆ ಒಪ್ಪಿಗೆಯನ್ನೇ ಆಧಾರವಾಗಿಟ್ಟುಕೊಂಡಿದೆ.

ವೇಗಕ್ಕೆ ಒಂದೇ ಮುಖ್ಯ ಕೆಲಸ, ಫೋಟೋ ಕುಗ್ಗಿಸುವುದು. ಫೋನಿನ ಐದು ಎಂಬಿಯ ಚಿತ್ರವನ್ನು ವೆಬ್‌ಪಿ ರೂಪಕ್ಕೆ ತಂದು 200 ಕೆಬಿಯೊಳಗೆ ಇಳಿಸಿ. ಪುಟದ ಮುಖ್ಯ ಭಾಗ ಎರಡೂವರೆ ಸೆಕೆಂಡಿನಲ್ಲಿ ಕಾಣಬೇಕೆನ್ನುವುದು ಗೂಗಲ್ಲಿನ ಅಳತೆಗೋಲು. ನಿಮ್ಮ ಕಚೇರಿಯ ವೈಫೈನಲ್ಲಿ ನೋಡಿ ಸಮಾಧಾನಪಡಬೇಡಿ. ಬಡಾವಣೆಯ ಜಾಗಕ್ಕೇ ಹೋಗಿ, ಅಲ್ಲಿನ ಸಿಗ್ನಲ್ಲಿನಲ್ಲಿ, ಹತ್ತು ಸಾವಿರದ ಫೋನಿನಲ್ಲಿ ತೆರೆದು ನೋಡಿ.

ಗೂಗಲ್ಲಿನಲ್ಲಿ ಕಾಣಿಸಿಕೊಳ್ಳಲು ದೊಡ್ಡ ಮಾಯೆಯೇನಿಲ್ಲ. ಗೂಗಲ್ ಬಿಸಿನೆಸ್ ಪ್ರೊಫೈಲ್ ತೆರೆಯಿರಿ. ಪುಟದ ಶೀರ್ಷಿಕೆಯಲ್ಲಿ ಹಳ್ಳಿಯ, ಹೋಬಳಿಯ ಹೆಸರು ಬರಲಿ. ‘ಬೆಂಗಳೂರು ರಿಯಲ್ ಎಸ್ಟೇಟ್’ ಅನ್ನುವ ಹುಡುಕಾಟದಲ್ಲಿ ನೀವು ಗೆಲ್ಲುವುದಿಲ್ಲ, ನಿಮ್ಮ ಹೋಬಳಿಯ ಹೆಸರಿನಲ್ಲಿ ಗೆಲ್ಲಬಹುದು.

10. ಆಮೇಲೆ

ಪ್ರತಿ ಸೋಮವಾರ ಹತ್ತು ನಿಮಿಷ: ಮಾರಾಟವಾದ ಸೈಟು ಗುರುತಿಸುವುದು, ಬೆಲೆ ನೋಡುವುದು, ವಾಟ್ಸಾಪ್ ಗುಂಡಿ ಒತ್ತಿ ಕೆಲಸ ಮಾಡುತ್ತಿದೆಯೇ ಅಂತ ಪರೀಕ್ಷಿಸುವುದು. ಭಾನುವಾರ ಕುಟುಂಬ ಸಮೇತ ಸೈಟು ನೋಡಲು ಬಂದವರಿಗೆ ‘ಅದು ಹೋದ ತಿಂಗಳೇ ಹೋಯ್ತು ಸಾರ್’ ಅನ್ನುವ ಪರಿಸ್ಥಿತಿ ತರಬೇಡಿ. ಕಾರಿನಲ್ಲಿ ಮಾವನೂ ಇರುತ್ತಾರೆ.

ಬಡಾವಣೆ ಪೂರ್ತಿ ಮಾರಿಹೋದ ಮೇಲೆ ಪುಟವನ್ನು ಅಳಿಸುವವರೇ ಹೆಚ್ಚು. ಅಳಿಸಬೇಡಿ. ‘ಪೂರ್ಣ ಮಾರಾಟ’ ಅಂತ ಮೇಲೆ ಬರೆದು ಬೆಲೆ ತೆಗೆದುಹಾಕಿ, ಅನುಮೋದಿತ ನಕ್ಷೆ, ಪಾರ್ಕು, ಸಿಎ (ನಾಗರಿಕ ಸೌಲಭ್ಯದ) ಜಾಗ, ಆದೇಶಗಳ ಸಂಖ್ಯೆ ಎಲ್ಲ ಹಾಗೇ ಇರಲಿ. ಬ್ಯಾಂಕಿನವರು ಸಾಲಕ್ಕಾಗಿ ನಕ್ಷೆ ಕೇಳಿದಾಗ ಸೈಟಿನ ಮಾಲೀಕರು ನಿಮ್ಮ ಕಚೇರಿಗೆ ಅಲೆಯುವುದು ತಪ್ಪುತ್ತದೆ. ಹತ್ತು ವರ್ಷದ ಮೇಲೆ ಸೈಟು 47 ಮರುಮಾರಾಟಕ್ಕೆ ಬಂದಾಗ, ಕೊಳ್ಳಲು ಬಂದ ಇನ್ಯಾವುದೋ ಹುಡುಗನ ಸೋದರಮಾವ ಅದೇ ಪುಟ ತೆರೆದು, ಕನ್ನಡಕ ಸರಿಮಾಡಿಕೊಂಡು, ಸರ್ವೆ ನಂಬರ್ ಹುಡುಕುತ್ತಾರೆ.